ಬೋರಿನ ನೀರಾಗ ಫ್ಲೋರೈಡ್ 3.2: ಘಟಕದ ನೀರು ಕುಡದರೂ ಮೊಣಕಾಲು ಬ್ಯಾನಿ ಹೋಗವಲ್ದು, ಎಮ್ಮಿ ಬ್ಯಾರೆ ಕುಂಟಾಕತ್ತಾವ

ಹಿಂಗಾರಿ_ಬಿಳಿಜೋಳ (ಪ್ರಶ್ನೆ)

ಮುಂಡರಗಿ ತಾಲೂಕು, ಕಪ್ಪತಗುಡ್ಡದ ಮೂಡಲ ಮಗ್ಗಲ. ಊರ ಬೋರ್ 420 ಅಡಿ. ಲ್ಯಾಬ್ ವರದಿ ಹಿಂಗೈತಿ, ಎಲ್ಲಾ ಲೀಟರಿಗೆ ಮಿಲಿಗ್ರಾಂ ಲೆಕ್ಕ: ಫ್ಲೋರೈಡ್ 3.2, ಟಿಡಿಎಸ್ (ಕರಗಿದ ಒಟ್ಟು ಲವಣ) 1,180, ಒಟ್ಟು ಗಡಸುತನ 260, ಕ್ಯಾಲ್ಸಿಯಂ 34, ಕ್ಷಾರತೆ 520, ನೈಟ್ರೇಟ್ 38. ಪಿಎಚ್ 8.2.

ಶುದ್ಧ ನೀರಿನ ಘಟಕ ಬಂದು ನಾಕು ವರ್ಷ ಆತು. ಐದು ರೂಪಾಯಿ ಕಾಯಿನ್ ಹಾಕಿದ್ರ 20 ಲೀಟರ್ ಬರ್ತದ. ಕುಡಿಯಾಕ ಅದು, ಅಡಿಗಿಗೆ ಬಳಕಿಗೆ ನಳದ ನೀರು, ಅಂದ್ರ ಅದ ಬೋರಿಂದು. ಮನಿ ಹಿರೇರ ಮೊಣಕಾಲು, ಸೊಂಟದ ಬ್ಯಾನಿ ಮಾತ್ರ ಕಡಿಮಿ ಆಗಿಲ್ಲ. ಅದಕ್ಕಿಂತ ತಿಳೀಲಾರದ್ದು ಅಂದ್ರ, ಇತ್ತೀಚಿಗೆ ಓಣ್ಯಾಗಿನ ಎಮ್ಮಿ ಕುಂಟಾಕತ್ತಾವ. ಘಟಕ ಬರೂ ಮೊದಲ ಇಷ್ಟು ಇರಲಿಲ್ಲ. ಗೊರಸಿನ್ಯಾಗ ಹುಣ್ಣಿಲ್ಲ, ಹುಳ ಇಲ್ಲ. ತಣ್ಣೀರು ಒಮ್ಮೆಲೆ ಕುಡಿಯೂದಿಲ್ಲ, ನೆಕ್ಕಿ ನೆಕ್ಕಿ ಕುಡೀತಾವ.

ಇನ್ನೂ ಆಳಕ್ಕ ಕೊರಸಿದ್ರ ಛಲೋ ನೀರು ಸಿಗತದೇನು? ಕಾಸಿ ಆರಿಸಿ ಕುಡದ್ರ ನಡೀತದೇನು? ಎಮ್ಮಿಗೆ ಆಗಿದ್ದು ಇದರಿಂದನೋ ಬ್ಯಾರೆನೋ? ಗೊತ್ತಿದ್ದವರು ಹೇಳ್ರಿ.


ಕಲ್ಲು_ಕಣಿವೆ

ವರದಿಯಲ್ಲಿ ಫ್ಲೋರೈಡಿಗಿಂತ ಮೊದಲು ಕ್ಯಾಲ್ಸಿಯಂ ಮತ್ತು ಕ್ಷಾರತೆ ನೋಡಿ. ಕಥೆ ಅಲ್ಲೇ ಇದೆ.

ನಿಮ್ಮ ಕಡೆ ತಳದಲ್ಲಿರುವುದು ಗ್ರಾನೈಟ್ ಮತ್ತು ನೈಸ್ (ಪಟ್ಟೆ ಪಟ್ಟೆಯ ಗಟ್ಟಿ ಶಿಲೆ) ಕಲ್ಲು. ಅದರಲ್ಲಿ ಹೊಳೆಯುವ ಕರಿ ಕಾಗೆಬಂಗಾರ (ಬಯೊಟೈಟ್), ಹಾರ್ನ್‌ಬ್ಲೆಂಡ್, ಅಪಟೈಟ್, ಅಲ್ಲಲ್ಲಿ ಫ್ಲೋರೈಟ್ ಎಂಬ ಖನಿಜಗಳು ಇರುತ್ತವೆ. ಇವೆಲ್ಲದರ ಒಡಲಲ್ಲೂ ಫ್ಲೋರಿನ್ ಇದೆ. ಬಿರುಕುಗಳಲ್ಲಿ ವರ್ಷಾನುಗಟ್ಟಲೆ ನಿಂತ ನೀರು ಅದನ್ನು ಫ್ಲೋರೈಡ್ ರೂಪದಲ್ಲಿ ಮೆಲ್ಲಗೆ ಕರಗಿಸಿಕೊಳ್ಳುತ್ತದೆ. ಇದು ಯಾವ ಕಾರ್ಖಾನೆಯ ಕೊಳೆಯೂ ಅಲ್ಲ, ಪೂರ್ತಿ ಕಲ್ಲಿನದೇ ಕೊಡುಗೆ.

ಎಷ್ಟು ಕರಗಬಹುದು ಅನ್ನುವುದಕ್ಕೆ ಕಡಿವಾಣ ಹಾಕುವುದು ಕ್ಯಾಲ್ಸಿಯಂ. ನೀರಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡ್ ಅದರ ಜೊತೆ ಸೇರಿ ಫ್ಲೋರೈಟ್ ಆಗಿ ಹೊರಬೀಳುತ್ತದೆ. ಲೀಟರಿಗೆ 100 ಮಿ.ಗ್ರಾಂ ಕ್ಯಾಲ್ಸಿಯಂ ಇರುವ ನೀರಲ್ಲಿ ಫ್ಲೋರೈಡ್ 2ರ ಆಸುಪಾಸಿನಲ್ಲೇ ತಡೆಯುತ್ತದೆ. ನಿಮ್ಮಂತೆ 34 ಇದ್ದರೆ 3.5ರಿಂದ 4ರವರೆಗೆ ಏರಲು ದಾರಿ ಸಲೀಸು. ಹಾಗಾದರೆ ಕ್ಯಾಲ್ಸಿಯಂ ಎಲ್ಲಿ ಹೋಯಿತು? ಎರೆಹೊಲ ರಂಟೆ ಹೊಡೆದಾಗ ಏಳುವ ಬಿಳಿ ಸುಣ್ಣದ ಹರಳುಗಳನ್ನು ನೋಡಿರುತ್ತೀರಿ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಕಡೆ ನೀರು ಇಂಗುವಾಗಲೇ ಆವಿಯಾಗಿ, ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಮಣ್ಣಲ್ಲೇ ಉಳಿಯುತ್ತದೆ. ಕೆಳಗಿಳಿಯುವ ನೀರಲ್ಲಿ ಮಿಗುವುದು ಸೋಡಿಯಂ ಮತ್ತು ಬೈಕಾರ್ಬೊನೇಟ್. ನಿಮ್ಮ ಕ್ಷಾರತೆ 520, ಗಡಸುತನ ಅದರ ಅರ್ಧ. ಇದು ಅಂಥ ನೀರಿನ ಗುರುತು.

ಇಂಥ ನೀರಿಗೆ ಸಾಬೂನು ಚೆನ್ನಾಗಿ ನೊರೆ ಬರುತ್ತದೆ, ಬೇಳೆ ಬೇಗ ಬೇಯುತ್ತದೆ, ಬಾಯಿಗೆ ಸಪ್ಪಗಿರುತ್ತದೆ. ಜನ ಸಿಹಿನೀರು ಅನ್ನುತ್ತಾರೆ. ಸವುಳು ನೀರಿನ ಬೋರನ್ನು ಬಿಟ್ಟು ಇದನ್ನು ಆರಿಸುತ್ತಾರೆ. ನಾಲಿಗೆಯ ಪರೀಕ್ಷೆಯನ್ನು ಈ ವಿಷಯದಲ್ಲಿ ನಂಬುವ ಹಾಗೇ ಇಲ್ಲ. ಫ್ಲೋರೈಡಿಗೆ ರುಚಿ, ಬಣ್ಣ, ವಾಸನೆ ಯಾವುದೂ ಇಲ್ಲ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 (2012) ಪ್ರಕಾರ ಫ್ಲೋರೈಡ್ 1.0 ಇರಬೇಕು, ಬೇರೆ ಮೂಲವೇ ಇಲ್ಲದಿದ್ದರೆ ಗರಿಷ್ಠ 1.5. ನಿಮ್ಮದು ಅದರ ಎರಡು ಪಟ್ಟಿಗಿಂತ ಹೆಚ್ಚು. ನೈಟ್ರೇಟ್ ಮಿತಿ 45, ಅದಕ್ಕೆ ಸಡಿಲಿಕೆ ಇಲ್ಲ. 38 ಇರುವುದರಿಂದ ಮಳೆಗಾಲದ ನಂತರ ಇನ್ನೊಮ್ಮೆ ನೋಡಿಸಿ.

ಆಳಕ್ಕೆ ಕೊರೆಸಬೇಡಿ. ಆಳ ಹೆಚ್ಚಿದಷ್ಟೂ ಕಲ್ಲಿನೊಡನೆ ನೀರು ಕಳೆದ ಕಾಲ ಹೆಚ್ಚು. ಫ್ಲೋರೈಡ್ ಬಹುತೇಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹಳ್ಳದ ದಂಡೆಯ ತೆರೆದ ಬಾವಿಯಲ್ಲಿ ಕಡಿಮೆ ಇರಬಹುದು, ಯಾಕೆಂದರೆ ಅಲ್ಲಿ ವರ್ಷ ವರ್ಷದ ಮಳೆನೀರು ಸೇರುತ್ತದೆ. ಆದರೆ ತಿಪ್ಪೆ, ಕೊಟ್ಟಿಗೆ ಹತ್ತಿರವಿದ್ದರೆ ಅದೇ ಬಾವಿಯಲ್ಲಿ ನೈಟ್ರೇಟ್ ಏರುತ್ತದೆ. ಕೂಸುಗಳಿಗೆ ಅದು ಬೇರೆಯೇ ಅಪಾಯ.

ಕಾಸುವುದಂತೂ ತಿರುವುಮುರುವು. ಆವಿಯಾಗುವುದು ನೀರು, ಫ್ಲೋರೈಡ್ ಅಲ್ಲ. 10 ಲೀಟರ್ ಕುದಿಸಿ 8 ಲೀಟರಿಗೆ ಇಳಿಸಿದರೆ 3.2 ಇದ್ದದ್ದು 4.0 ಆಗುತ್ತದೆ.


ಗೋದಲಿ_ಡಾಕ್ಟರ್

ಎಮ್ಮಿ ವಿಷಯಕ್ಕ ಮೊದಲ ಒಂದು ಪ್ರಶ್ನೆ ಕೇಳತೇನ್ರಿ: ಅವು ನೀರು ಕುಡಿಯೂದು ಎಲ್ಲಿ? ಘಟಕದ ಮಗ್ಗಲಿಗೆ ದನದ ತೊಟ್ಟಿ ಐತೇನು? ಅದಕ್ಕ ಘಟಕದಿಂದ ಹೊರಗ ಬಿಡೂ ನೀರಿನ ಪೈಪ್ ಕೂಡಿಸ್ಯಾರೇನು?


ಹಿಂಗಾರಿ_ಬಿಳಿಜೋಳ

ಹೌದ್ರಿ. ನೀರು ಹಾಳಾಗಬಾರದು ಅಂತ ಪಂಚಾಯ್ತಿಯವರ ತೊಟ್ಟಿ ಕಟ್ಟಿಸಿ ಆ ಪೈಪ್ ಬಿಟ್ಟಾರ. ಓಣ್ಯಾಗಿನ ದನ ಎಲ್ಲಾ ಅಲ್ಲೇ. ಇನ್ನೊಂದು ಹೇಳೂದು ಮರತೆ, ಎರಡು ಎಮ್ಮಿ ಎಲುಬು, ಅರಿವಿ ಕಡೀತಾವ, ಮಣ್ಣಿನ ಗ್ವಾಡಿ ನೆಕ್ಕತಾವ.


ಗೋದಲಿ_ಡಾಕ್ಟರ್

ಹಂಗಾದ್ರ ಅರ್ಧ ಉತ್ತರ ಆ ಪೈಪಿನ್ಯಾಗ ಐತಿ.

ಆರ್‌ಒ (ಘಟಕದಾಗ ನೀರು ಸೋಸೂ) ಯಂತ್ರ ಫ್ಲೋರೈಡನ್ನ ನಾಶ ಮಾಡೂದಿಲ್ಲ, ಬ್ಯಾರೆ ಕಡೆ ದೂಡತದ ಅಷ್ಟ. 2 ಲೀಟರ್ ಒಳಗ ಹೋಗಿ 1 ಲೀಟರ್ ಛಲೋ ನೀರು ಬಂತು ಅಂದ್ರ, ಉಳಿದ 1 ಲೀಟರಿನ್ಯಾಗ ಎರಡರದೂ ಫ್ಲೋರೈಡ್ ಕೂಡಿರತದ. ನಿಮ್ಮ 3.2ರ ಲೆಕ್ಕಕ್ಕ, ಛಲೋ ನೀರಿನ ಜೋಡಿ 0.2 ಹೋದ್ರೂ, ತೊಟ್ಟಿ ನೀರಿನ್ಯಾಗ ಸುಮಾರು 6.2. ಬ್ಯಾಸಗಿ ಬಿಸಲಿಗೆ ತೊಟ್ಟಿ ಆವಿಯಾದಂಗ ಇನ್ನೂ ಏರತದ. ದನದ ನೀರಿಗೆ ಲೀಟರಿಗೆ 2 ಮಿ.ಗ್ರಾಂ ಒಳಗಿರಬೇಕು ಅನ್ನೂದು ಸಾಮಾನ್ಯ ಮಿತಿ. ಬೋರಿನ ನೀರು ಹಂಗ ಕುಡಿಸಿದ್ರೂ ಮಿತಿ ದಾಟತಿತ್ತು, ಈಗ ಮೂರು ಪಟ್ಟು ಆಗೇದ.

ಹಿಂಡೂ ಎಮ್ಮಿ ದಿನಕ್ಕ 60 ಲೀಟರ್ ಕುಡೀತದ ಅಂತ ಹಿಡೀರಿ. 60 ಗುಣಿಸು 6.2, ಸುಮಾರು 370 ಮಿ.ಗ್ರಾಂ. ಒಣಮೇವಿನ ಲೆಕ್ಕದಾಗ ದಿನಕ್ಕ 12 ಕಿಲೋ ತಿಂದ್ರ, ನೀರೊಂದರಿಂದನ ಕಿಲೋ ಮೇವಿಗೆ 31 ಮಿ.ಗ್ರಾಂ ಬಿದ್ದಂಗಾತು. ಜೀವಮಾನದುದ್ದಕ್ಕೂ ದನ ತಡಕೊಳ್ಳೂ ಮಿತಿ ಕಿಲೋಕ್ಕ ಸುಮಾರು 40. ಅದೂ ಮೇವು, ಖನಿಜ ಪುಡಿ, ಬಾಯಿಗೆ ಹೋಗೂ ಮಣ್ಣು ಎಲ್ಲಾ ಸೇರಿ. ಬೆಳಿಯೂ ಕರುವಿಗೆ ಇದಕ್ಕಿಂತ ಕಡಿಮಿ. ಫ್ಲೋರೈಡ್ ನೀರಿನ ರಾಜಸ್ಥಾನದ ಹಳ್ಳಿಗಳ ದನ ಎಮ್ಮಿಗಳೊಳಗ ಹಲ್ಲು, ಎಲುಬಿನ ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಬರೂ ರೋಗ) ಸಾಕಷ್ಟು ದಾಖಲಾಗೇದ.

ಹೆಂಗ ಗುರ್ತು ಹಿಡೀಬೇಕು? ಕೆಳಗಿನ ಮುಂದಿನ ಹಲ್ಲು ನೋಡ್ರಿ. ಇಲ್ಲೇ ಹುಟ್ಟಿ ಬೆಳೆದ ಎಮ್ಮಿಗೆ ಅಡ್ಡಡ್ಡ ಹಳದಿ, ಕಂದು ಗೆರಿ ಇರತಾವ, ಬಲಕ್ಕ ಹೆಂಗೋ ಎಡಕ್ಕ ಹಂಗ. ಹಲ್ಲು ಏರುಪೇರಾಗಿ ಸವದಿರತಾವ. ಸವದ ಹಲ್ಲಿಗೆ ತಣ್ಣೀರು ತಾಗಿದ್ರ ಜುಮ್ ಅಂತದ, ಅದಕ್ಕ ನೆಕ್ಕಿ ಕುಡಿಯೂದು. ಆದ್ರ ಹೊರಗಿನ ಸಂತಿಯಿಂದ ತಂದ, ಹಲ್ಲು ಕೂಡಿದ ಎಮ್ಮಿಗೆ ಹಲ್ಲು ಸ್ವಚ್ಛ ಇರತಾವ, ಎಲುಬು ಮಾತ್ರ ಕೆಟ್ಟಿರತಾವ. ಹಲ್ಲು ನೋಡಿ ಬಿಟ್ಟಬಿಡಬ್ಯಾಡ್ರಿ. ಪಕ್ಕೆಲುಬು, ಕೆಳದವಡಿ, ಮೊಣಕಾಲ ಕೆಳಗಿನ ಎಲುಬು ಕೈಯಾಡಿಸಿ ನೋಡ್ರಿ. ಗಟ್ಟಿ ಗಂಟು ಎರಡೂ ಮಗ್ಗಲ ಸಿಕ್ಕರ ಸಂಶಯ ಗಟ್ಟಿ. ಕುಂಟು ಒಂದ ಕಾಲಿಗೆ ನಿಲ್ಲೂದಿಲ್ಲ, ಇವತ್ತು ಈ ಕಾಲು ನಾಳೆ ಆ ಕಾಲು. ಒಂದ ಕಾಲು ಬಿಸಿಯಾಗಿ ಬಾತಿದ್ರ ಅದು ಬ್ಯಾರೆ ರೋಗ.

ಖಾತ್ರಿಗೆ ಮೂತ್ರ ಪರೀಕ್ಷೆ. ಸಾಮಾನ್ಯ ದನದ ಮೂತ್ರದಾಗ ಫ್ಲೋರೈಡ್ 2ರಿಂದ 6 ಪಿಪಿಎಂ (ಅಂದ್ರ ಲೀಟರಿಗೆ ಮಿ.ಗ್ರಾಂ) ಇರತದ. ಪ್ಲಾಸ್ಟಿಕ್ ಬಾಟಲಿಯೊಳಗ ಹಿಡೀರಿ. ಒಂದ ಎಮ್ಮಿ ಸಾಲದು, ಐದಾರರದು ಬೇಕು.

ಎಲುಬು ಕಡಿಯೂದು, ಗ್ವಾಡಿ ನೆಕ್ಕೂದು ಮುಖ್ಯವಾಗಿ ರಂಜಕದ (ಫಾಸ್ಫರಸ್) ಕೊರತಿ. ಸುಣ್ಣ ತುಂಬಿದ ಎರೆಮಣ್ಣಿನ್ಯಾಗ ರಂಜಕ ಇದ್ರೂ ಬೆಳಿಗೆ ಸಿಗೂದು ಕಡಿಮಿ, ಬರೇ ಜ್ವಾಳದ ಕಣಿಕಿ ಮ್ಯಾಲೆ ಇರೂ ದನಕ್ಕ ಅದು ಬೇಗ ಕಾಣತದ. ಎಮ್ಮಿ ಈದ ಮ್ಯಾಲೆ ಎರಡರಿಂದ ಆರು ವಾರದೊಳಗ ಕಾಫಿ ಬಣ್ಣದ ಉಚ್ಚಿ ಹೊಯ್ದ್ರ ಅದೂ ರಂಜಕ ಇಳಿದದ್ದರ ಲಕ್ಷಣ, ಅವತ್ತ ಡಾಕ್ಟರನ್ನ ಕರೀರಿ, ಮುಂಜಾನೆ ನೋಡೋಣ ಅನಬ್ಯಾಡ್ರಿ. ಸತ್ತ ದನದ ಎಲುಬು ಕಡದ್ರ ಬಾಟುಲಿಸಂ ವಿಷ ಏರಿ ಕಾಲು ಸೋತು ಸಾಯೂ ಅಪಾಯ ಐತಿ. ಎಲುಬು ಆರಿಸಿ ಹೂಳ್ರಿ.

ಐಎಸ್‌ಐ ಗುರುತಿನ ಖನಿಜ ಮಿಶ್ರಣ ದೊಡ್ಡ ಎಮ್ಮಿಗೆ ದಿನಕ್ಕ 50 ಗ್ರಾಂ, ಕರುವಿಗೆ 20ರಿಂದ 25, ನೆನೆಸಿದ ಹಿಂಡಿಯೊಳಗ ಕಲಿಸಿ ಕೊಡ್ರಿ. ಬ್ಯಾಡಾಗಿದ್ದು ಒಂದೈತಿ: ರಂಜಕ ಸಿಗತದ ಅಂತ ಗೊಬ್ಬರದ ಸೂಪರ್ ಫಾಸ್ಫೇಟ್, ರಾಕ್ ಫಾಸ್ಫೇಟ್ ತಿನಸೂದು. ರಾಕ್ ಫಾಸ್ಫೇಟಿನ್ಯಾಗ ನೂರಕ್ಕ ಮೂರು-ನಾಕು ಪಾಲು ಫ್ಲೋರಿನ್ ಇರತದ. ಕುಂಟೂ ಎಮ್ಮಿಗೆ ಅದನ್ನ ತಿನಸಿದ್ರ ಮುಗೀತು.

ಮದ್ದಿಲ್ಲ. ನೀರು ಬದಲಿ ಮಾಡಿದ್ರ ಎಲುಬಿನ್ಯಾಗ ಕೂಡಿದ್ದು ವರ್ಷಗಟ್ಟಲೆ ನಿಧಾನ ಇಳೀತದ, ಕುಂಟು ಸ್ವಲ್ಪ ಕಡಿಮಿ ಆಗಬಹುದು. ಹಲ್ಲು ಮತ್ತ ಹೊಸದಾಗೂದಿಲ್ಲ. ಕೆರಿ ನೀರು, ಕೃಷಿ ಹೊಂಡದ ನೀರು ದನಕ್ಕ ಛಲೋ. ಕಡಿಮಿ ಅಂದ್ರೂ ಗಬ್ಬದ ಎಮ್ಮಿ, ಎರಡು ಹಲ್ಲು ಬರದ ಕರುಗಳನ್ನ ಆ ತೊಟ್ಟಿಗೆ ಬಿಡಬ್ಯಾಡ್ರಿ.


ಕಾಯಿನ್_ಬಾಕ್ಸ್

ಘಟಕ ನಡೆಸುವ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ.

ಆಪರೇಟರ್ ಕೈಯಲ್ಲಿರುವ ಪೆನ್ನಿನಂಥ ಮೀಟರ್ ತೋರಿಸುವುದು ಟಿಡಿಎಸ್ ಮಾತ್ರ. ಅದು ನೀರಲ್ಲಿ ವಿದ್ಯುತ್ ಹರಿಯುವುದನ್ನು ಅಳೆದು ಒಟ್ಟು ಲವಣ ಹೇಳುತ್ತದೆ. ಫ್ಲೋರೈಡ್ 0.5 ಇದ್ದರೂ 3 ಇದ್ದರೂ ಅದರಲ್ಲಿ ಕಾಣುವಂಥ ವ್ಯತ್ಯಾಸ ಬರುವುದಿಲ್ಲ. ಆದರೆ ಒಂದು ಉಪಯೋಗ ಇದೆ. ಮೆಂಬರೇನ್ (ನೀರು ಸೋಸುವ ಪೊರೆ) ಚೆನ್ನಾಗಿದ್ದರೆ 1,180 ಒಳಹೋದ ನೀರು 60-80ಕ್ಕೆ ಇಳಿದು ಬರಬೇಕು. ಘಟಕದ ನೀರಿನ ಟಿಡಿಎಸ್ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಮೆಂಬರೇನ್ ಸವೆದಿದೆ, ಇಲ್ಲವೆ ಸೀಲಿನ ರಬ್ಬರ್ ರಿಂಗ್ ಹೋಗಿದೆ. ಆಗ ಫ್ಲೋರೈಡೂ ನುಸುಳುತ್ತಿದೆ ಅಂತಲೇ ಅರ್ಥ.

ಇನ್ನೊಂದು, ಬೈಪಾಸ್ ವಾಲ್ವ್. ನೀರು ಸಪ್ಪೆ ಅಂತ ಜನ ದೂರಿದರೆ ಕೆಲವರು ಬೋರಿನ ನೀರನ್ನು ಸ್ವಲ್ಪ ಬೆರೆಸಿ ರುಚಿ ಕೂಡಿಸುತ್ತಾರೆ. ಆರ್‌ಒ ನೀರಲ್ಲಿ ಫ್ಲೋರೈಡ್ 0.2 ಇದ್ದು, ಐದರಲ್ಲಿ ಒಂದು ಪಾಲು ಬೋರಿನ ನೀರು ಬೆರೆತರೆ 0.8 ಆಗುತ್ತದೆ, ತೊಂದರೆ ಇಲ್ಲ. ಐದರಲ್ಲಿ ಎರಡು ಪಾಲು ಬೆರೆತರೆ 1.4, ಅಂದರೆ ಗರಿಷ್ಠ ಮಿತಿಯ ಅಂಚು. ವಾಲ್ವ್ ಎಷ್ಟು ತಿರುಗಿದೆ ಅಂತ ಕಣ್ಣಿಗೆ ಕಾಣದು. ಹೊಂದಿಸಿದ ದಿನವೇ ಫ್ಲೋರೈಡ್ ನೋಡಿಸಿ ವಾಲ್ವಿಗೆ ಬಣ್ಣದ ಗುರುತು ಹಾಕಿಸಿ.

ಹೊರಬಿಡುವ ನೀರನ್ನು ದನದ ತೊಟ್ಟಿಗೆ ಬಿಡುವುದು ನಿಮ್ಮೂರಲ್ಲಿ ಮಾತ್ರ ಅಲ್ಲ. ನೀರು ಉಳಿಸುವ ಒಳ್ಳೆಯ ಬುದ್ಧಿಯಿಂದಲೇ ಮಾಡಿರುತ್ತಾರೆ. ಶೌಚಾಲಯ, ರಸ್ತೆ ಧೂಳು ಅಡಗಿಸಲು, ಇಟ್ಟಂಗಿ ನೆನೆಸಲು ಬಳಸಿ. ಕಾಂಕ್ರೀಟಿಗೆ ಬೇಡ. ಅದೇ ಬೋರಿನ ಪಕ್ಕದ ಇಂಗುಗುಂಡಿಗಂತೂ ಬಿಡಲೇಬೇಡಿ, ಕೆಲವು ಕಡೆ ಅದನ್ನೂ ಮಾಡಿದ್ದಾರೆ.


ಆಶಾ_ಕಿಟ್

ಮನೆಯಲ್ಲಿ ಹಿರಿಯರ ಬ್ಯಾನಿ ಯಾಕೆ ಇಳಿದಿಲ್ಲ ಅನ್ನುವುದಕ್ಕೆ ಪ್ರಶ್ನೆಯಲ್ಲೇ ಉತ್ತರ ಇದೆ. ಅಡಿಗೆ ಈಗಲೂ ಬೋರಿನ ನೀರಲ್ಲಿ.

ಜೋಳದ ಹಿಟ್ಟು ಒಂದು ಕಿಲೋ ನಾದಲು ಹತ್ತಿರ ಹತ್ತಿರ ಒಂದು ಲೀಟರ್ ಬಿಸಿನೀರು ಬೇಕು. ರೊಟ್ಟಿ ಬೇಯುವಾಗ ಆವಿ ಹೋಗುತ್ತದೆ, ಫ್ಲೋರೈಡ್ ರೊಟ್ಟಿಯಲ್ಲೇ ಉಳಿಯುತ್ತದೆ. ಅನ್ನ, ಸಾರು, ಪಲ್ಯ, ಚಹಾ ಎಲ್ಲಾ ಸೇರಿ ಒಬ್ಬರ ಹೊಟ್ಟೆಗೆ ಅಡಿಗೆಯ ಮೂಲಕವೇ ಒಂದೂವರೆಯಿಂದ ಎರಡು ಲೀಟರ್ ಬೋರಿನ ನೀರು ಹೋಗುತ್ತದೆ. ಅಂದರೆ ದಿನಕ್ಕೆ 5-6 ಮಿ.ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 6 ದಾಟಿದರೆ ಎಲುಬಿಗೆ ಅಪಾಯ ಹೆಚ್ಚುವ ಸೂಚನೆ, 14ಕ್ಕೆ ಹಾನಿ ಸ್ಪಷ್ಟ. ಘಟಕ ಬರುವ ಮೊದಲು, ಬೇಸಿಗೆಯಲ್ಲಿ ಹೊಲದಲ್ಲಿ ದುಡಿದು 5 ಲೀಟರ್ ಕುಡಿಯುವವರಿಗೆ ಕುಡಿಯುವುದರಿಂದಲೇ 16 ಸಿಗುತ್ತಿತ್ತು. ಈಗ ಇಳಿದಿದೆ, ಆದರೆ ಗಡಿಯ ಮೇಲೇ ನಿಂತಿದೆ. ಮೊದಲು ಅಡಿಗೆಯನ್ನೂ ಘಟಕದ ನೀರಿಗೆ ಬದಲಿಸಿ. ಐದು ಜನರ ಮನೆಗೆ ಕುಡಿಯಲು, ಅಡಿಗೆಗೆ ಸೇರಿ ದಿನಕ್ಕೆ 25 ಲೀಟರ್ ಸಾಕು. ಸ್ನಾನ, ಬಟ್ಟೆ, ಪಾತ್ರೆಗೆ ಬೋರಿನ ನೀರು ನಡೆಯುತ್ತದೆ, ಚರ್ಮದ ಮೂಲಕ ಫ್ಲೋರೈಡ್ ಏರುವುದಿಲ್ಲ.

ಬ್ಯಾನಿ ಎಲ್ಲಾ ಫ್ಲೋರೈಡಿನದೇ ಅಂತಲೂ ಅಲ್ಲ. ಸಂಧಿವಾತ, ವಿಟಮಿನ್ ಡಿ ಕೊರತೆ ಕೂಡ ಹೀಗೇ ಕಾಣುತ್ತವೆ. ಮನೆಯಲ್ಲಿ ಮೂರು ನೋಡಿ: ಮೊಣಕಾಲು ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಲು ಆಗುತ್ತದೆಯೇ, ಗದ್ದ ಎದೆಗೆ ತಾಗುತ್ತದೆಯೇ, ಎರಡೂ ಕೈ ತಲೆಯ ಹಿಂದೆ ಕಟ್ಟಲು ಬರುತ್ತದೆಯೇ. ಬರದಿದ್ದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ ಮುಂಗೈಯ ಎಕ್ಸ್‌ರೇ, ಮೂತ್ರದ ಫ್ಲೋರೈಡ್ ಕೇಳಿ. ಮುಂಗೈಯ ಎರಡು ಎಲುಬಿನ ನಡುವಿನ ಪೊರೆ ಸುಣ್ಣಗಟ್ಟಿರುವುದು ಎಕ್ಸ್‌ರೇಯಲ್ಲಿ ಕಾಣುತ್ತದೆ. 2008-09ರಿಂದ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಇದೆ. ಮೂತ್ರಪಿಂಡದ ತೊಂದರೆ ಇದ್ದವರಲ್ಲಿ ಫ್ಲೋರೈಡ್ ಹೊರಹೋಗದೆ ಬೇಗ ಕೂಡುತ್ತದೆ, ಅವರನ್ನು ಮೊದಲು ತೋರಿಸಿ.

ಗೋದಲಿ ಡಾಕ್ಟ್ರು ಹೊರಗಿನ ಎಮ್ಮೆ ಬಗ್ಗೆ ಹೇಳಿದ್ದು ಮನುಷ್ಯರಿಗೂ ಹೊಂದುತ್ತದೆ. ಬೇರೆ ಊರಿಂದ ಮದುವೆಯಾಗಿ ಬಂದ ಸೊಸೆಯ ಹಲ್ಲು ಬೆಳ್ಳಗಿರುತ್ತದೆ, ಹಾಗಂತ ಎಲುಬು ಸರಿ ಇದೆ ಎಂದಲ್ಲ. ಹಲ್ಲಿನ ಕಲೆ ಬೀಳುವುದು ದಂತಕವಚ ತಯಾರಾಗುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ. ಆಮೇಲೆ ಎಷ್ಟು ಕುಡಿದರೂ ಹಲ್ಲಿಗೆ ಗುರುತು ಬರುವುದಿಲ್ಲ. ಅದಕ್ಕೇ ನೀರು ಕಡಿಮೆ ಬಂದರೆ ಮೊದಲ ಪಾಲು ಗರ್ಭಿಣಿ, ಬಾಣಂತಿ ಮತ್ತು ಎಂಟರೊಳಗಿನ ಮಕ್ಕಳದು. ಅಂಗನವಾಡಿ, ಶಾಲೆಯ ಬಿಸಿಯೂಟಕ್ಕೆ ಯಾವ ನೀರು ಬಳಸುತ್ತಾರೆ ಕೇಳಿ. ಅದನ್ನು ಯಾರೂ ಕೇಳುವುದಿಲ್ಲ.

ಊಟದಲ್ಲಿ ಹಾಲು, ಮೊಸರು, ಎಳ್ಳು, ರಾಗಿ, ನುಗ್ಗೆಸೊಪ್ಪು ಇರಲಿ. ಊಟದ ಕ್ಯಾಲ್ಸಿಯಂ ಕರುಳಲ್ಲೇ ಒಂದಿಷ್ಟು ಫ್ಲೋರೈಡನ್ನು ಹಿಡಿಯುತ್ತದೆ. ನೆಲ್ಲಿಕಾಯಿ, ಲಿಂಬೆ ಒಳ್ಳೆಯದು. ಕಡಕ್ ಚಹಾ ಕಡಿಮೆ ಮಾಡಿ, ಚಹಾ ಎಲೆಯಲ್ಲೇ ಫ್ಲೋರೈಡ್ ಇರುತ್ತದೆ.


ತುಂಗಭದ್ರಾ_ದಂಡಿ

ತಾಮ್ರದ ಕೊಡ, ತುಳಸಿ, ನುಗ್ಗೆ ಬೀಜದ ಪುಡಿಯಿಂದ ಫ್ಲೋರೈಡ್ ಹೋಗುತ್ತದೆ ಅಂತ ವಾಟ್ಸ್ಯಾಪಿನಲ್ಲಿ ಬರುತ್ತದಲ್ಲ, ಅದರ ಗತಿ? ನಲಗೊಂಡ ವಿಧಾನ ಮನೆಯಲ್ಲೇ ಮಾಡಬಹುದಲ್ಲವೇ?


ಕಲ್ಲು_ಕಣಿವೆ

ತಾಮ್ರ ಕೆಲವು ರೋಗಾಣು ಕೊಲ್ಲುತ್ತದೆ, ನುಗ್ಗೆ ಬೀಜ ರಾಡಿ ತಿಳಿಗೊಳಿಸುತ್ತದೆ. ಫ್ಲೋರೈಡಿಗೆ ಇವನ್ನು ನೆಚ್ಚಬೇಡಿ.

ನಲಗೊಂಡ ವಿಧಾನ ನಾಗಪುರದ ನೀರಿ (NEERI, ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ್ದು, ಕೆಲಸ ಮಾಡುತ್ತದೆ. ಸ್ಫಟಿಕ (ಆಲಂ), ಸ್ವಲ್ಪ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಹತ್ತು ನಿಮಿಷ ನಿಧಾನ ಕಲಕಿ, ಒಂದು ತಾಸು ಬಿಟ್ಟು ಮೇಲಿನ ತಿಳಿ ತೆಗೆಯುವುದು. ಪ್ರಮಾಣ ಫ್ಲೋರೈಡಿನ ಮೇಲಷ್ಟೇ ಅಲ್ಲ, ಕ್ಷಾರತೆಯ ಮೇಲೂ ನಿಲ್ಲುತ್ತದೆ. ಫ್ಲೋರೈಡ್ 3, ಕ್ಷಾರತೆ 500 ಇದ್ದರೆ ಲೀಟರಿಗೆ ಸುಮಾರು 500 ಮಿ.ಗ್ರಾಂ ಸ್ಫಟಿಕ. 40 ಲೀಟರಿನ ಬಕೆಟಿಗೆ 20 ಗ್ರಾಂ, ಸುಣ್ಣ ಅದರ ಇಪ್ಪತ್ತರಲ್ಲಿ ಒಂದು ಪಾಲು. ಕಡಿಮೆ ಹಾಕಿದರೆ ಫ್ಲೋರೈಡ್ ಉಳಿಯುತ್ತದೆ, ಹೆಚ್ಚಾದರೆ ನೀರು ಹುಳಿಯಾಗಿ ಅಲ್ಯೂಮಿನಿಯಂ ಉಳಿಯುತ್ತದೆ. ದಿನಾ ತಳದ ಗಸಿ ಚೆಲ್ಲಬೇಕು, ಅದನ್ನು ಹಿತ್ತಲ ಬಾವಿ ಹತ್ತಿರ ಚೆಲ್ಲಿದರೆ ಮತ್ತೆ ಅದೇ ಕಥೆ. ತಿಂಗಳು ಮಾಡಿ ಬೇಸತ್ತು ಬಿಡುವವರೇ ಬಹಳ. ಸಕ್ರಿಯ ಅಲ್ಯೂಮಿನಾ ಫಿಲ್ಟರಿನ ದೋಷ ಬೇರೆ: ಅದು ಹೀರಿದ ಫ್ಲೋರೈಡ್ ತುಂಬಿದ ಮೇಲೂ ನೀರು ಮೊದಲಿನಂತೆಯೇ ಬರುತ್ತದೆ, ರುಚಿ ಬದಲಾಗದು, ಪುನಶ್ಚೇತನ (ತೊಳೆದು ಮತ್ತೆ ಸಜ್ಜುಗೊಳಿಸುವುದು) ಮಾಡದಿದ್ದರೆ ಬರೇ ಅಲಂಕಾರ.

ನನ್ನ ಕೇಳಿದರೆ ಮಾಳಿಗೆಯ ಮಳೆನೀರೇ ಮೇಲು. ಗದಗ ಕಡೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. 50 ಚದರ ಮೀಟರ್ ಮಾಳಿಗೆಗೆ, ಐದರಲ್ಲಿ ಒಂದು ಪಾಲು ಹಾಳಾದರೂ 24,000 ಲೀಟರ್. ಮೇಲೆ ಹೇಳಿದ ದಿನಕ್ಕೆ 25 ಲೀಟರಿನ ಲೆಕ್ಕದಲ್ಲಿ ವರ್ಷಕ್ಕೆ ಬೇಕಾದ್ದು 9,125. ಹತ್ತು ಸಾವಿರ ಲೀಟರಿನ ಮುಚ್ಚಿದ ಟಾಕಿ ಸಾಕು. ಮೊದಲ ಮಳೆಯ ನೀರು ಹೊರಗೆ ಬಿಡಿ, ಟಾಕಿಗೆ ಬೆಳಕು ಬೀಳದಂತೆ ನೋಡಿ, ಕುಡಿಯುವ ಪಾಲು ಕಾಸಿ. ಇಲ್ಲಿ ಕಾಸುವುದು ಸರಿ, ರೋಗಾಣುವಿಗಾಗಿ. ಮಾಳಿಗೆ ಮಣ್ಣಿನದಾದರೆ ಮಾತ್ರ ಈ ಮಾತು ಬಿಡಿ. ತುಂಗಭದ್ರೆಯ ಬಹುಗ್ರಾಮ ಯೋಜನೆಯ ನೀರು ಓಣಿಗೆ ಬಂದರೆ ಅದೇ ಎಲ್ಲಕ್ಕಿಂತ ಒಳ್ಳೆಯದು, ಆದರೆ ನದಿ ನೀರು ಬಾರದ ದಿನ ಅದೇ ನಳಕ್ಕೆ ಬೋರ್ ಕೂಡಿಸುತ್ತಾರೋ ಅಂತ ವಾಟರ್‌ಮನ್‌ನನ್ನು ಕೇಳಿಕೊಳ್ಳಿ.


ಹಿಂಗಾರಿ_ಬಿಳಿಜೋಳ

ತೊಟ್ಟಿ ಪೈಪ್ ತಗಸೂ ಮಾತು ಪಂಚಾಯ್ತಿಯೊಳಗ ಎತ್ತತೇನಿ. ಆದ್ರ ಕಾಗದ ತೋರಸು ಅಂತಾರ. ನೀರು ಹೆಂಗ ಹಿಡೀಬೇಕು, ಎಲ್ಲಿಗೆ ಕೊಡಬೇಕು?


ಕಾಯಿನ್_ಬಾಕ್ಸ್

ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಿ, ಸಾರ್ವಜನಿಕರೂ ಕೊಡಬಹುದು. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ನಾಲ್ಕು ತಗೊಳ್ಳಿ. ಗಾಜು ಬೇಡ, ಫ್ಲೋರೈಡ್ ಗಾಜಿಗೆ ಅಂಟುತ್ತದೆ. ತಂಪುಪಾನೀಯದ ಬಾಟಲಿಯೂ ಬೇಡ. ಹಿಡಿಯುವ ನೀರಿನಲ್ಲೇ ಮೂರು ಸಲ ಗಲಬರಿಸಿ.

ಮೊದಲನೆಯದು ಬೋರಿನದು, ಪಂಪು ಹತ್ತು-ಹದಿನೈದು ನಿಮಿಷ ಓಡಿದ ಮೇಲೆ ಹಿಡಿಯಿರಿ. ಎರಡನೆಯದು ಕಾಯಿನ್ ಹಾಕಿ ಬಂದ ನೀರು. ಮೂರನೆಯದು ಹೊರಬಿಡುವ ಪೈಪಿನ ಬಾಯಿಂದ, ಯಂತ್ರ ಓಡುತ್ತಿರುವಾಗಲೇ. ನಾಲ್ಕನೆಯದು ತೊಟ್ಟಿಯದು, ಮಧ್ಯಾಹ್ನದ ಹೊತ್ತಿಗೆ. ತಾರೀಕು, ಹೊತ್ತು, ಜಾಗ ಬಾಟಲಿಯ ಮೇಲೇ ಬರೆಯಿರಿ, ಮುಚ್ಚಳದ ಮೇಲೆ ಅಲ್ಲ, ಲ್ಯಾಬಿನಲ್ಲಿ ಮುಚ್ಚಳ ಅದಲುಬದಲಾಗುತ್ತವೆ. ಫ್ಲೋರೈಡ್, ಕ್ಯಾಲ್ಸಿಯಂ, ಕ್ಷಾರತೆ, ಪಿಎಚ್, ನೈಟ್ರೇಟ್ ಇಷ್ಟನ್ನೂ ಹೆಸರು ಹಿಡಿದು ಕೇಳಿ. ಫ್ಲೋರೈಡ್ ಬಾಟಲಿಯಲ್ಲಿ ವಾರಗಟ್ಟಲೆ ಕೆಡುವುದಿಲ್ಲ, ನೈಟ್ರೇಟ್ ಕೆಡುತ್ತದೆ, ಅದಕ್ಕೆ ಅವತ್ತೇ ಮುಟ್ಟಿಸಿ. ಪಂಚಾಯಿತಿಯ ನೀರು ಪರೀಕ್ಷೆಯ ಕಿಟ್ಟಿನಲ್ಲಿ ನೋಡುವುದಾದರೆ ಟಾಕಿಗೆ ಬ್ಲೀಚಿಂಗ್ ಹಾಕಿದ ದಿನ ಬೇಡ, ಕ್ಲೋರಿನ್ನಿಗೆ ಬಣ್ಣ ತಪ್ಪು ತೋರಿಸುತ್ತದೆ. ಸ್ಫಟಿಕ ಹಾಕಿದ ನೀರಲ್ಲೂ ಹಾಗೇ, ಇದ್ದದ್ದಕ್ಕಿಂತ ಕಡಿಮೆ ಬರುತ್ತದೆ.

ಇದನ್ನೇ ಮೇ ತಿಂಗಳಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಮಾಡಿಸಿ. ಮೂರು ಮತ್ತು ನಾಲ್ಕನೇ ಬಾಟಲಿಯ ಅಂಕಿ ಪಂಚಾಯಿತಿ ಸಭೆಗೆ ತಗೊಂಡು ಹೋಗಿ, ಜೊತೆಗೆ ತಾಲೂಕಿನ ಪಶುವೈದ್ಯರ ಮೂತ್ರ ಪರೀಕ್ಷೆಯ ಚೀಟಿಯನ್ನೂ.